ಮೌರ್ವಿಯ ಗಿಡ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಉಡುಪಿ, ಕಾರ್ಕಳದ ಕಡೆ ತಾಳಮದ್ದಳೆಯ ಕಾಲ. ಹೊರಗೆ ಮಳೆ, ಒಳಗೆ ಮಾತು. ಅರ್ಥಧಾರಿ ಹುರುಪಿನಲ್ಲಿದ್ದರೆ ಅವರ ಅರ್ಜುನ ಹೆದೆ ಎಳೆದು ಸುಮ್ಮನಾಗುವವನಲ್ಲ. ಗಾಂಡೀವದ ಮೌರ್ವಿಯನ್ನು ಮಿಡಿಯುತ್ತಾನೆ, ಟಂಕಾರಕ್ಕೆ ದಿಕ್ಕುಗಳು ನಡುಗುತ್ತವೆ. ಎದುರು ಕೂತವರಲ್ಲಿ ಯಾರನ್ನು ಕೇಳಿದರೂ ಮೌರ್ವಿ ಎಂದರೆ ಬಿಲ್ಲಿನ ಹಗ್ಗ ಎನ್ನುತ್ತಾರೆ. ಸರಿಯೇ. ಆ ಹಗ್ಗವನ್ನು ಯಾವುದರಿಂದ ಹೊಸೆಯುತ್ತಿದ್ದರು ಎಂಬುದೂ ಆ ಪದದೊಳಗೇ ಇದೆ. ಅದರ ಮೂಲ ‘ಮೂರ್ವಾ’ ಎಂಬ ಗಿಡ. ಸಂಸ್ಕೃತ ನಿಘಂಟುಗಳು ಅದಕ್ಕೆ ಕೊಡುವ ಸಸ್ಯಶಾಸ್ತ್ರದ ಹೆಸರನ್ನು ಹಿಡಿದು ಹೊರಟರೆ ಕೊನೆಗೆ ಬಂದು ನಿಲ್ಲುವುದು ಮಣಿಪಾಲದ ಯಾವುದೋ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಚಟ್ಟಿಯೊಳಗೆ ನೆಟ್ಟಗೆ ನಿಂತ ಸ್ನೇಕ್ ಪ್ಲಾಂಟಿನ ಎದುರು. ಅದು ಮೂರ್ವೆಯ ಆಫ್ರಿಕಾದ ದಾಯಾದಿ.

ವ್ಯಾಕರಣದ ಲೆಕ್ಕ ಸರಳ. ಶಿವನಿಂದ ಶೈವ, ಪುರದಿಂದ ಪೌರ, ಹಾಗೆಯೇ ಮೂರ್ವೆಯಿಂದ ಮೌರ್ವ; ಸ್ತ್ರೀಲಿಂಗದಲ್ಲಿ ಮೌರ್ವೀ. ಕನ್ನಡಕ್ಕೆ ಬರುವಾಗ ಕೊನೆಯ ದೀರ್ಘ ಬಿಟ್ಟು ಮೌರ್ವಿಯಾಯಿತು. ಮೂರ್ವೆಯಿಂದ ಮಾಡಿದ್ದು ಎಂದಷ್ಟೇ ಅರ್ಥ. ಅಮರಕೋಶ ಹೆದೆಗೆ ನಾಲ್ಕು ಹೆಸರು ಕೊಡುತ್ತದೆ: ಮೌರ್ವೀ, ಜ್ಯಾ, ಶಿಂಜಿನೀ, ಗುಣ. ಶಿಂಜಿನಿ ಸದ್ದಿನಿಂದ ಹುಟ್ಟಿದ್ದು, ಗುಣ ಎಂದರೆ ಎಳೆ. ನಾಲ್ಕರಲ್ಲಿ ಕಚ್ಚಾವಸ್ತುವಿನ ಗುಟ್ಟು ಬಿಟ್ಟುಕೊಡುವುದು ಮೌರ್ವಿ ಒಂದೇ.

ಈ ಪದ ಯುದ್ಧಭೂಮಿಗಿಂತ ಮೊದಲು ಸೊಂಟಕ್ಕೆ ಬರುತ್ತಿತ್ತು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಉಪನಯನದ ಉಡಿದಾರದ ವಿಧಿಯಿದೆ. ಬ್ರಾಹ್ಮಣ ವಟುವಿಗೆ ಮುಂಜ ಎಂಬ ಹುಲ್ಲಿನದು, ಮೂರೆಳೆಯದು. ಕ್ಷತ್ರಿಯನಿಗೆ ಮೂರ್ವೆಯ ಹೆದೆ. ವೈಶ್ಯನಿಗೆ ಶಣದ ನೂಲಿನದು. ಕ್ಷತ್ರಿಯನ ಮೌರ್ವಿಯನ್ನು ಮೂರೆಳೆಯಾಗಿ ಹೊಸೆಯಬಾರದು, ಹೊಸೆದರೆ ಅದು ಹೆದೆಯಾಗಿ ಉಳಿಯುವುದಿಲ್ಲ ಎಂದು ವ್ಯಾಖ್ಯಾನಕಾರರು ಎಚ್ಚರಿಸುತ್ತಾರೆ. ಅಂದರೆ ಅದು ಬರಿಯ ಲಾಂಛನವಲ್ಲ. ಬಿಚ್ಚಿ ಬಿಲ್ಲಿಗೆ ಕಟ್ಟಿದರೆ ಬಾಣ ಹಾರಬೇಕು.

ಒಂದೇ ಸಾಲಿನಲ್ಲಿ ನಿಂತ ಈ ಮೂರು ನಾರುಗಳು ಕನ್ನಡದಲ್ಲಿ ಮೂರು ದಾರಿ ಹಿಡಿದವು. ಮುಂಜದ ಹುಲ್ಲಿನದು ದೊಡ್ಡ ಅದೃಷ್ಟ. ಮೌಂಜೀಬಂಧನ ಎಂಬ ಕಲಾಪದಿಂದ ಇಳಿದು ಅದು ನಮ್ಮ ಮನೆಮಾತಿನ ‘ಮುಂಜಿ’ಯಾಯಿತು. ರಥಬೀದಿಯಲ್ಲಿ ನಿಂತು ‘ನಾಡಿದ್ದು ಭಾವನ ಮಗನ ಮುಂಜಿ’ ಎನ್ನುವವರಿಗೆ ಹುಲ್ಲಿನ ನೆನಪಿರಬೇಕಿಲ್ಲ. ಕನ್ನಡ ನಾಡಿನಲ್ಲಿ ಮುಸಲ್ಮಾನರ ಸುನ್ನತಿಗೂ ಮುಂಜಿ ಎನ್ನುವ ರೂಢಿಯಿದೆ. ಒಂದು ಹುಲ್ಲು ಅಷ್ಟು ದೂರ ನಡೆದುಬಿಟ್ಟಿದೆ. ಶಣ ಸಣಬಾಗಿ ಗೋಣಿಚೀಲದೊಂದಿಗೆ ಮಂಡಿಗೆ ಹೋಗಿ ಕೂತಿತು, ಅದಕ್ಕೂ ಬದುಕಿಗೆ ತೊಂದರೆಯಾಗಲಿಲ್ಲ. ಮೂರ್ವೆಯ ಪಾಲಿಗೆ ಉಳಿದದ್ದು ಕಾವ್ಯ. ಬಿಲ್ಲು ಹೋಯಿತು, ಬಿಲ್ಲಿನ ಜೊತೆ ಹೆದೆ ಹೊಸೆಯುವವರೂ ಹೋದರು. ಮೌರ್ವಿ ಮಾತ್ರ ಕವಿಗಳ ಕೈಯಿಂದ ಭಾಗವತರಿಗೆ, ಅವರಿಂದ ಅರ್ಥಧಾರಿಗಳಿಗೆ ದಾಟಿ ಇವತ್ತಿನವರೆಗೆ ಬಂದಿದೆ. ತಾಳಮದ್ದಳೆ ಇಲ್ಲದ ಸೀಮೆಯಲ್ಲಿ ಈ ಪದವನ್ನು ಬಾಯಲ್ಲಿ ಆಡುವವರು ಸಿಗುವುದು ಕಷ್ಟ. ನಿಘಂಟಿನಲ್ಲಿ ಸಿಗುತ್ತದೆ, ಸರಿ. ಆದರೆ ನಿಘಂಟಿನಲ್ಲಿ ಏನು ತಾನೇ ಸಿಗುವುದಿಲ್ಲ?

ಸಂಸ್ಕೃತ ಮಾಡಿದ್ದನ್ನೇ ನಮ್ಮ ಭಾಷೆಯೂ ತನ್ನಷ್ಟಕ್ಕೆ ಮಾಡಿಕೊಂಡಿತ್ತು. ಕನ್ನಡದ ಹಳೆಯ ಮಾತಿನಲ್ಲಿ ಹೆದೆಗೆ ‘ನಾರಿ’ ಎಂಬ ಹೆಸರಿದೆ. ಹೆಂಗಸಿಗೂ ಈ ನಾರಿಗೂ ಸಂಬಂಧವಿಲ್ಲ. ಇದು ನಾರಿನಿಂದ ಬಂದ ನಾರಿ. ತಮಿಳು, ತೆಲುಗಿನಲ್ಲೂ ಇದೇ ಜೋಡಿ ಕಾಣುತ್ತದೆ. ನಾರು ನಾರಿಯಾದದ್ದೂ ಮೂರ್ವೆ ಮೌರ್ವಿಯಾದದ್ದೂ ಒಂದೇ ಯೋಚನೆಯ ಎರಡು ಕವಲು. ಇಬ್ಬರು ನಾರಿಯರು ಒಂದೇ ಅಕ್ಷರದಲ್ಲಿ ಸಿಕ್ಕರೆ ಶ್ಲೇಷೆಯ ಕವಿಗೆ ಹಬ್ಬವೋ ಹಬ್ಬ, ಅದನ್ನು ಬೇರೆ ಹೇಳಬೇಕಿಲ್ಲ. ಗಾದೆಯ ನಾರು ಹೂವಿನ ದಾಕ್ಷಿಣ್ಯದಲ್ಲಿ ಸ್ವರ್ಗ ಸೇರಿತು. ಬಿಲ್ಲಿನ ನಾರು ಸ್ವಂತ ಬಲದಲ್ಲೇ ಕುರುಕ್ಷೇತ್ರ ಸೇರಿತ್ತು.

ಇನ್ನು ಆ ಮೂರ್ವೆ ಯಾವ ಗಿಡ? ಇಲ್ಲಿಂದ ಜಗಳ ಶುರು. 18ನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯಲ್ಲಿದ್ದ ವಿಲಿಯಂ ಜೋನ್ಸ್ ಕತ್ತಿಯಂಥ ದಪ್ಪ ಎಲೆಯ, ನೆಲದಿಂದಲೇ ಹೊಮ್ಮುವ ಗಿಡವೊಂದನ್ನು ಮೂರ್ವಾ ಎಂದು ಗುರುತಿಸಿದ. ಆ ಗಿಡಕ್ಕೆ ಮುಂದೆ ಸ್ಥಿರವಾದ ಹೆಸರು ಸಾನ್ಸಿವೇರಿಯ ರಾಕ್ಸ್‌ಬರ್ಗಿಯಾನಾ; ಕೋರಮಂಡಲ ಕರಾವಳಿಯ ಗಿಡಗಳ ಮೇಲೆ ಗ್ರಂಥ ಬರೆದ ವಿಲಿಯಂ ರಾಕ್ಸ್‌ಬರ್ಗ್‌ನ ನೆನಪಿಗೆ. 1899ರ ಮೊನಿಯರ್ ವಿಲಿಯಮ್ಸ್ ನಿಘಂಟು ಇದೇ ಗುರುತಿಗೆ ಮುದ್ರೆ ಒತ್ತಿತು. ಇಂಗ್ಲಿಷರು ಗಿಡವನ್ನು ಹೆದೆಯ ಸಣಬು ಎಂಬ ಅರ್ಥದ ‘ಬೋಸ್ಟ್ರಿಂಗ್ ಹೆಂಪ್’ ಎಂದು ಕರೆದರು.

ವೈದ್ಯರು ಇದನ್ನು ಒಪ್ಪುವುದಿಲ್ಲ. ಭಾರತದ ಆಯುರ್ವೇದ ಫಾರ್ಮಕೋಪಿಯದಲ್ಲಿ ಮೂರ್ವಾ ಎಂದರೆ ಮಾರ್ಸ್ಡೇನಿಯ ಟೆನಾಸಿಸಿಮ ಎಂಬ ಬಳ್ಳಿಯ ಬೇರು. ಕೇರಳದ ವೈದ್ಯರ ಮೂರ್ವೆ ಇನ್ನೊಂದು ಬಳ್ಳಿ. ಬಂಗಾಳದಲ್ಲಿ ಸಾನ್ಸಿವೇರಿಯವೇ ಮೂರ್ವೆ. ಅಮರಕೋಶ ಮೂರ್ವೆಗೆ ಕೊಡುವ ಪರ್ಯಾಯಗಳಲ್ಲಿ ಗೋಕರ್ಣೀ ಎಂಬುದೂ ಒಂದು. ಹಸುವಿನ ಕಿವಿಯಂಥ ಎಲೆ ಅಗಲವಾದ ಬಳ್ಳಿಗೆ ಒಪ್ಪುತ್ತದೆ, ಚಟ್ಟಿಯ ಕತ್ತಿಯೆಲೆಗೆ ಎಷ್ಟು ಎಳೆದರೂ ಒಪ್ಪುವುದಿಲ್ಲ. ವೈದ್ಯರ ಪಕ್ಷಕ್ಕೆ ಇದು ಗಟ್ಟಿಯಾದ ಸಾಕ್ಷಿ. ಇತ್ತ ಆ ಬಳ್ಳಿಯೂ ನಾರಿಗೆ ಹೆಸರಾದದ್ದೇ. ಟೆನಾಸಿಸಿಮ ಎಂದರೇ ಲ್ಯಾಟಿನ್‌ನಲ್ಲಿ ಬಲು ಜಿಗುಟು. ರಾಜಮಹಲ್ ಬೆಟ್ಟಗಳ ಜನ ಅದರಿಂದ ಹೆದೆ ಮಾಡುತ್ತಿದ್ದರು. ನನಗೆ ಕಾಣುವುದು ಇಷ್ಟು: ಮೂರ್ವೆ ಎಂಬುದು ಮೊದಲಿಗೆ ಕಸುಬಿನ ಹೆಸರು. ಒಂದೊಂದು ಸೀಮೆಯಲ್ಲಿ ಹೆದೆಗೆ ಒದಗಿದ ನಾರು ಯಾವ ಗಿಡದ್ದೋ ಆ ಗಿಡಕ್ಕೆ ಆ ಹೆಸರು ಅಂಟಿತು. ಬೇರು ಹುಡುಕುವ ವೈದ್ಯನಿಗೆ ಅದು ತಲೆನೋವು, ನಾರು ಹುಡುಕುವ ಬಿಲ್ಲುಗಾರನಿಗೆ ಏನೂ ತೊಂದರೆಯಿಲ್ಲ. ಔಷಧಕ್ಕೆಂದು ಬಾಲ್ಕನಿಯ ಗಿಡ ಕಿತ್ತು ಅರೆಯಲು ಹೋಗಬೇಡಿ ಎಂಬುದನ್ನು ಮಾತ್ರ ಇಲ್ಲಿ ಹೇಳಿಬಿಡಬೇಕು. ಅದರ ಎಲೆಯಲ್ಲಿ ಸ್ಯಾಪೊನಿನ್ ಇದೆ. ಬೆಕ್ಕು, ನಾಯಿ ಅಗಿದರೆ ವಾಂತಿ ಮಾಡುತ್ತವೆ.

ತಮಿಳಿನಲ್ಲಿ ಈ ಕುಲದ ಗಿಡಕ್ಕೆ ಮರಲ್, ಮರುಳ್ ಎಂಬ ಹೆಸರುಗಳಿವೆ. ಸಂಗಂ ಕವಿತೆಗಳಲ್ಲಿ ಮರಲ್ ಬರುವುದು ಪಾಲೈ ಎಂಬ ಬರಡು ನೆಲದ ಪದ್ಯಗಳಲ್ಲಿ: ಮಳೆ ಕೈಕೊಟ್ಟಾಗ ಕಾಡಿನ ಪ್ರಾಣಿಗೆ ಮೇಯಲು ಸಿಗುವ ಗಿಡ. ಕನ್ನಡದ ಸಸ್ಯಪಟ್ಟಿಗಳಲ್ಲಿ ‘ಮಂಜಿನ ನಾರು’ ಎಂಬ ಚೆಂದದ ಹೆಸರು ಸಿಗುತ್ತದೆ. ಇದರಲ್ಲಿ ಇಬ್ಬನಿಯಿಲ್ಲ ಎಂಬುದು ನನ್ನ ಊಹೆ. ತಮಿಳಿನಲ್ಲಿ ಮಂಜಿ ಎಂದರೆ ನಾರು. ನಾರಿನ ಮೇಲೆ ಇನ್ನೊಂದು ನಾರು ಸೇರಿ, ಗೇಟುಬಾಗಿಲು ಎನ್ನುವ ಹಾಗೆ ಜೋಡುಪದವಾಗಿರಬೇಕು. ನಮ್ಮ ಕಾಪು, ಮಲ್ಪೆಯ ಕಡೆ ಮಂಜಿ ಎಂದರೆ ಹಾಯಿ ಕಟ್ಟಿದ ಸರಕಿನ ಹಡಗು. ಆ ಮಂಜಿಯನ್ನು ಈ ಮಂಜಿಗೆ ಕಟ್ಟುವ ಆಸೆಯಾಗುತ್ತದೆ, ಆದರೆ ಆಸೆಯಾದ ಕಡೆಯಲ್ಲೆಲ್ಲ ವ್ಯುತ್ಪತ್ತಿ ಇರುವುದಿಲ್ಲ.

ಈಗ ಎಲೆಯನ್ನೇ ಕೈಗೆ ತೆಗೆದುಕೊಳ್ಳೋಣ. ಸ್ನೇಕ್ ಪ್ಲಾಂಟಿನ ಒಂದು ಹಳೆಯ ಎಲೆಯನ್ನು ಬುಡದಿಂದ ಕತ್ತರಿಸಿ ಹಲಗೆಯ ಮೇಲೆ ಚಪ್ಪಟೆಯಾಗಿ ಇಟ್ಟು, ಒಂದು ತುದಿಯನ್ನು ಒತ್ತಿ ಹಿಡಿದು, ಮೊಂಡು ಚಾಕುವಿನಿಂದ ಇನ್ನೊಂದು ತುದಿಯತ್ತ ಹೆರೆಯಿರಿ. ಮೊದಲು ಮೇಲಿನ ಮೇಣದ ಪೊರೆ ಸುಲಿಯುತ್ತದೆ, ಆಮೇಲೆ ಹಸಿರು ಲೋಳೆ ನೀರು ನೀರಾಗಿ ಹಲಗೆಯಿಂದ ಸುರಿಯುತ್ತದೆ. ಮೂರು ನಾಲ್ಕು ಸಲ ಹೆರೆದು ತೊಳೆದರೆ ಕೈಯಲ್ಲಿ ಉಳಿಯುವುದು ಎಲೆಯಷ್ಟೇ ಉದ್ದದ, ಬೆಳ್ಳನೆಯ, ಕೂದಲೆಳೆಯಂಥ ನಾರು. ನಾಲ್ಕಾರು ಎಳೆ ತೊಡೆಯ ಮೇಲೆ ಹೊಸೆದು ಎರಡೂ ಕೈಯಿಂದ ಜಗ್ಗಿ ನೋಡಿ. ಬೆರಳು ಕೊಯ್ದೀತು, ದಾರ ಕಡಿಯದು. ಹಿಂದಿನವರು ನಾರು ತೆಗೆಯುತ್ತಿದ್ದದ್ದೂ ಹೆಚ್ಚುಕಡಿಮೆ ಹೀಗೆಯೇ.

ಹಲಗೆಯಿಂದ ಹರಿದುಹೋದ ಆ ಲೋಳೆಯಲ್ಲೇ ಗಿಡ ಸಾಕುವ ಶಾಸ್ತ್ರವೆಲ್ಲ ಇದೆ. ಈ ಗಿಡ ತನ್ನ ಬಾವಿಯನ್ನು ಎಲೆಯೊಳಗೇ ತೋಡಿಕೊಂಡಿದೆ. ಹಗಲು ಬಿಸಿಲಿಗೆ ಎಲೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಅದನ್ನು ಆಮ್ಲದ ರೂಪದಲ್ಲಿ ಕಟ್ಟಿಟ್ಟು ಮರುದಿನದ ಬೆಳಕಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ. ಅನಾನಸಿನದೂ ಕಳ್ಳಿಯದೂ ಇದೇ ರೀತಿ. ಹಗಲು ಬಾಗಿಲು ಮುಚ್ಚಿರುವುದರಿಂದ ನೀರು ಆವಿಯಾಗುವುದು ತೀರ ಕಡಿಮೆ. ಪಾಲೈ ನೆಲದ ಗುಣವೇ ಅದು.

ಆದರೆ ನಮ್ಮದು ಪಾಲೈ ನೆಲವೇ? ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆ ಇದು. ದೇಶಿ ಮೂರ್ವೆಯೂ ಪೂರ್ವ ಕರಾವಳಿಯ ಒಣ ಕುರುಚಲಿನ ಗಿಡವಾದ್ದರಿಂದ ಉಡುಪಿಗೆ ಇಬ್ಬರೂ ನೆಂಟರೇ. ಇಲ್ಲಿ ಸ್ನೇಕ್ ಪ್ಲಾಂಟ್ ಬಾಯಾರಿ ಸತ್ತದ್ದು ನಾನು ಕಂಡಿಲ್ಲ, ಕೊಳೆತು ಸತ್ತದ್ದು ಬೇಕಾದಷ್ಟು. ಎಲೆಯ ಬುಡ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಕೈಗೇ ಬಂದುಬಿಡುತ್ತದೆ; ಜೊತೆಗೆ ಹುಳಿ ವಾಸನೆ. ಅಷ್ಟು ಹೊತ್ತಿಗೆ ಬೇರು ಮುಗಿದಿರುತ್ತದೆ. ಈ ಊರಿನವರಿಗೆ ನಾನು ಹೇಳುವ ಲೆಕ್ಕ ಒಂದೇ: ಪತ್ತನಾಜೆಯಿಂದ ದೀಪಾವಳಿಯವರೆಗೆ, ಮೇಳ ತಿರುಗಾಟಕ್ಕೆ ಹೊರಡುವ ತನಕ, ನೀರಿನ ತಂಬಿಗೆ ಈ ಗಿಡದ ಹತ್ತಿರ ಹೋಗದಿರಲಿ. ಆಟಿಯ ಗಾಳಿಯಲ್ಲಿರುವ ತೇವಕ್ಕೆ ಒಣಗಲು ಹಾಕಿದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಚಟ್ಟಿಯ ಮಣ್ಣು ಒಣಗುತ್ತದೆಯೇ? ಮಾರ್ಚಿ, ಏಪ್ರಿಲಿನ ಸೆಕೆಯಲ್ಲಿ ಎರಡು ವಾರಕ್ಕೊಮ್ಮೆ, ಬೆರಳು ಊರಿ ನೋಡಿ ಒಳಗಿನವರೆಗೂ ಒಣಗಿದ್ದರೆ, ತಳದ ತೂತಿನಿಂದ ಇಳಿಯುವಷ್ಟು ಹಾಕಿದರೆ ಸಾಕು.

ಮಣಿಪಾಲದ ಹೆಸರು ಅಲ್ಲಿನ ಮಣ್ಣಪಳ್ಳ ಕೆರೆಯಿಂದ ಬಂದದ್ದು ಎನ್ನುತ್ತಾರೆ; ತುಳುವಿನಲ್ಲಿ ಪಳ್ಳ ಎಂದರೆ ನೀರು ನಿಲ್ಲುವ ಹೊಂಡ. ಫ್ಲ್ಯಾಟುಗಳಲ್ಲಿ ಹೊಸದಾಗಿ ಗಿಡ ಸಾಕುವವರು ಚಟ್ಟಿಯನ್ನೇ ಮಣ್ಣಪಳ್ಳ ಮಾಡುತ್ತಾರೆ. ನೆಲ ಕೊಳೆಯಾಗದಿರಲೆಂದು ಅಡಿಗೆ ತಟ್ಟೆ, ತಟ್ಟೆಯಲ್ಲಿ ಸದಾ ಒಂದಂಗುಲ ನೀರು. ತಟ್ಟೆ ಇರಲಿ, ನೀರು ಚೆಲ್ಲಿ. ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಗಿಡ ಸಿಗದು. ತಿಂಗಳು ಬಾಗಿಲು ಹಾಕಿಕೊಂಡು ಹೋದರೂ ಬಂದಾಗ ಹೇಗಿತ್ತೋ ಹಾಗೇ ನಿಂತಿರುತ್ತದೆ. ಕತ್ತಲೆ ಮೂಲೆಯಲ್ಲೂ ಸಾಯುವುದಿಲ್ಲ ಎಂಬುದು ನಿಜ, ಬೆಳೆಯುವುದೂ ಇಲ್ಲ. ಕಿಟಕಿಯ ಬೆಳಕು ತಾಗುವ ಕಡೆ ಇಟ್ಟರೆ ಪಟ್ಟೆ ಎದ್ದು ಕಾಣುತ್ತದೆ.

ಕಾರ್ಕಳದ ಕಡೆಯ ಹಂಚಿನ ಮನೆಗಳಲ್ಲಿ ಅಪಾಯ ಬೇರೆ. ಜಗಲಿಯ ಅಂಚಿಗೆ ಸಾಲಾಗಿ ಇಟ್ಟ ಚಟ್ಟಿಗಳ ಮೇಲೆ ಮಾಡಿನ ನೀರು ನೇರ ಬೀಳುತ್ತದೆ; ಎಲೆಗಳು ಕೂಡುವ ನಡುವಿನ ಗುಳಿಯಲ್ಲಿ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ. ಜೂನಿಗೆ ಮೊದಲು ಚಟ್ಟಿಗಳನ್ನು ಗೋಡೆಯ ಹತ್ತಿರ ಸರಿಸಿದರೆ ತೀರಿತು. ಕಾಪುವಿನಲ್ಲಿ ಉಪ್ಪುಗಾಳಿಗೆ ಹೆದರಬೇಕಿಲ್ಲ, ಆ ಮೇಣದ ಎಲೆ ತಡೆದುಕೊಳ್ಳುತ್ತದೆ. ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಹತ್ತಿರದಲ್ಲೇ ಇದೆಯೆಂದು ಕಡಲ ಹೊಯ್ಗೆ ತಂದು ಮಣ್ಣಿಗೆ ಬೆರೆಸುವುದು ಮಾತ್ರ ಬೇಡ, ಅದರ ಉಪ್ಪು ಬೇರಿಗೆ ಆಗದು. ಹೊಳೆಯ ಹೊಯ್ಗೆ ಒಂದು ಪಾಲು, ಕೆಂಪು ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಸ್ವಲ್ಪ, ತಳಕ್ಕೆ ಮುರಕಲ್ಲಿನ ಚೂರು. ಈ ಸೀಮೆಗೆ ಇದೇ ಹದ. ಚಟ್ಟಿ ಮಣ್ಣಿನದಾದರೆ ಇನ್ನೂ ಒಳ್ಳೆಯದು, ಪಕ್ಕದಿಂದಲೂ ತೇವ ಆರುತ್ತದೆ.

ನರ್ಸರಿಯಲ್ಲಿ ಇದನ್ನು ಕೇಳಬೇಕಾದದ್ದು ಸ್ನೇಕ್ ಪ್ಲಾಂಟ್ ಎಂದೇ. ಊರೂರಲ್ಲಿ ನಾಗಬನ ಇರುವ ಈ ನಾಡಿನಲ್ಲಿ ಅದನ್ನು ಯಾರೂ ಹಾವಿನ ಗಿಡ ಎಂದೋ, ತುಳುವಿನ ಉಚ್ಚು ಸೇರಿಸಿಯೋ ಕರೆದದ್ದನ್ನು ನಾನು ಕೇಳಿಲ್ಲ. ಕತ್ತಲಾದ ಮೇಲೆ ಹಾವು ಎನ್ನದೆ ಹುಳು ಎನ್ನುವ ಜನ ನಾವು. ಚಾವಡಿಯಲ್ಲಿ ಇಟ್ಟ ಗಿಡಕ್ಕೆ ಆ ಹೆಸರನ್ನು ಇಂಗ್ಲಿಷಿನ ಮುಸುಕಿನಲ್ಲಿ ಇಟ್ಟುಕೊಳ್ಳುವುದೇ ಅನುಕೂಲ. ಇಂಗ್ಲಿಷರ ಇನ್ನೊಂದು ಹೆಸರು ಅತ್ತೆಯ ನಾಲಿಗೆ. ಬ್ರೆಜಿಲಿನವರಿಗೆ ಇದು ಸಂತ ಜಾರ್ಜನ ಖಡ್ಗ, ತುರ್ಕಿಯವರಿಗೆ ಪಾಷಾನ ಕತ್ತಿ, ಚೀನೀಯರಿಗೆ ಹುಲಿಬಾಲ. ಹೆದೆ ಕಂಡದ್ದು ನಮ್ಮವರಿಗೆ. ಉಳಿದವರು ಎಲೆಯ ಆಕಾರ ನೋಡಿದರು, ನಮ್ಮವರು ಒಳಗಿನ ನಾರನ್ನು.

ಸಸ್ಯಶಾಸ್ತ್ರಜ್ಞರ ಪಟ್ಟಿಯಲ್ಲೂ ಹೆಸರು ಒಂದೇ ಕಡೆ ನಿಂತಿಲ್ಲ. 1794ರಲ್ಲಿ ಸ್ವೀಡನ್ನಿನ ಥುನ್‌ಬರ್ಗ್ ಈ ಕುಲಕ್ಕೆ ಇಟ್ಟ ಸಾನ್ಸಿವೇರಿಯ ಎಂಬ ಹೆಸರಿನಲ್ಲಿ ಇಟಲಿಯ ಶ್ರೀಮಂತ ಮನೆತನವೊಂದರ ನೆನಪಿದೆ. ನಮ್ಮ ಬಾಲ್ಕನಿಯ ಗಿಡದ ಹುಟ್ಟೂರು ನೈಜೀರಿಯದಿಂದ ಕಾಂಗೋವರೆಗಿನ ಪಶ್ಚಿಮ ಆಫ್ರಿಕಾ. ಆದರೆ ಅದಕ್ಕೆ ಸಾನ್ಸಿವೇರಿಯ ಟ್ರೈಫಾಸಿಯಾಟ ಎಂದು ನಾಮಕರಣವಾದದ್ದು ಕಲ್ಕತ್ತೆಯಲ್ಲಿ. ಅಲ್ಲಿನ ಸಸ್ಯೋದ್ಯಾನದ ಮುಖ್ಯಸ್ಥನಾಗಿದ್ದ ಡೇವಿಡ್ ಪ್ರೇನ್ 1903ರಲ್ಲಿ ಬಂಗಾಳದ ಸಸ್ಯಗಳ ಕುರಿತ ತನ್ನ ಪುಸ್ತಕದಲ್ಲಿ ಅದನ್ನು ವಿವರಿಸಿದ. 2017ರಲ್ಲಿ ಅದನ್ನು ಡ್ರಸೀನ ಕುಲಕ್ಕೆ ಸೇರಿಸಲಾಯಿತು, ಮರುವರ್ಷ ದೇಶಿ ಮೂರ್ವೆಯೂ ಹಿಂಬಾಲಿಸಿತು. ಡ್ರಸೀನ ಎಂಬುದು ಗ್ರೀಕಿನಲ್ಲಿ ಹೆಣ್ಣು ಘಟಸರ್ಪ. ಜನ ಬಾಯಿಮಾತಿನಲ್ಲಿ ಸ್ನೇಕ್ ಎನ್ನುತ್ತಿದ್ದದ್ದು ಹೀಗೆ ಕಡತಕ್ಕೂ ಏರಿತು. ನರ್ಸರಿಯ ಚೀಟಿಗಳಲ್ಲಿ ಇನ್ನೂ ಹಳೆಯ ಹೆಸರೇ.

ಚೀಟಿಯ ಕೆಳಗೆ ‘ಗಾಳಿ ಶುದ್ಧ ಮಾಡುತ್ತದೆ, ರಾತ್ರಿ ಆಮ್ಲಜನಕ ಕೊಡುತ್ತದೆ’ ಎಂಬ ಮಾತೂ ಇರುತ್ತದೆ. ಎರಡನೆಯದು ಸುಳ್ಳು: ರಾತ್ರಿ ಅದು ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತದೆ, ಆಮ್ಲಜನಕ ಹುಟ್ಟುವುದಕ್ಕೆ ಬೆಳಕು ಬೇಕೇ ಬೇಕು. ಮೊದಲನೆಯದರ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಗಾಳಿಯಾಡದ ಪುಟ್ಟ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಅಂಥ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಕಟ್ಟಡದೊಳಗೆ ಸಹಜವಾಗಿ ಗಾಳಿ ಆಡಿ ಆಗುವಷ್ಟು ಶುದ್ಧಿಗೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಾಗುತ್ತದೆ ಎಂಬ ಲೆಕ್ಕ ಬಂತು. ಅಷ್ಟು ಗಿಡ ಇಟ್ಟ ಕೋಣೆಯಲ್ಲಿ ಮನುಷ್ಯ ಎಲ್ಲಿ ಕೂರಬೇಕು? ಕಿಟಕಿ ತೆರೆಯಿರಿ, ಅರಬ್ಬೀ ಸಮುದ್ರದ ಗಾಳಿ ಪುಕ್ಕಟೆ ಬರುತ್ತದೆ. ಗಿಡವನ್ನು ಚೆಂದಕ್ಕೆ ಇಟ್ಟುಕೊಂಡರೆ ಸಾಕು.

ಗಿಡ ಹೆಚ್ಚಿಸಬೇಕೆಂದರೆ ಎರಡು ದಾರಿಯಿದೆ. ಎಲೆಯನ್ನು ಗೇಣುದ್ದಕ್ಕೆ ತುಂಡು ಮಾಡಿ, ಗಾಯ ಒಣಗಲು ನಾಲ್ಕು ದಿನ ನೆರಳಲ್ಲಿಟ್ಟು, ಬುಡ ಕೆಳಗೆ ಬರುವಂತೆ ಊರಿದರೆ ತಿಂಗಳುಗಳ ಮೇಲೆ ಮಗ್ಗುಲಲ್ಲಿ ಸಸಿ ಏಳುತ್ತದೆ. ತಲೆಕೆಳಗಾಗಿ ಊರಿದರೆ ಬೇರು ಬಿಡದು, ಆದ್ದರಿಂದ ಕತ್ತರಿಸುವಾಗಲೇ ಬುಡಕ್ಕೆ ಗುರುತು ಮಾಡಿಕೊಳ್ಳಿ. ಹಳದಿ ಅಂಚಿನ ಜಾತಿಯನ್ನು ಹೀಗೆ ಮಾಡಿದರೆ ಹುಟ್ಟುವ ಮರಿಗೆ ಆ ಅಂಚು ಇರುವುದಿಲ್ಲ, ಬರಿಯ ಹಸಿರು ಪಟ್ಟೆಯ ಎಲೆ ಬರುತ್ತದೆ. ಹಳದಿ ಅಂಚಿನ ಜೀವಕೋಶಗಳೇ ಬೇರೆ, ಅವು ಎಲೆಯ ತುಂಡಿನಿಂದ ಹೊಸ ಗಿಡಕ್ಕೆ ದಾಟುವುದಿಲ್ಲ. ಅಂಚು ಬೇಕೆಂದಿದ್ದರೆ ಚಟ್ಟಿ ಬೋರಲು ಹಾಕಿ, ಮಣ್ಣು ಕೊಡವಿ, ಗೆಡ್ಡೆಯನ್ನು ಒಂದೊಂದು ಮೊಳಕೆ ಸಮೇತ ಕತ್ತಿಯಲ್ಲಿ ಸೀಳಬೇಕು. ಇದನ್ನು ಮಳೆಗಾಲದಲ್ಲಿ ಮಾಡಿದರೆ ಸೀಳಿದ ಕಡೆ ಬೂಸ್ಟು ಹಿಡಿಯುತ್ತದೆ. ದೀಪಾವಳಿ ಕಳೆದ ಮೇಲೆ ಮಾಡಿ.